ಪುಸ್ತಕ ಕೊಟ್ಟವರು, ಪದಕ ಕೊಟ್ಟವರು, ದುಡ್ಡು ಕೊಟ್ಟವರು

ಟೆಕ್ಸಸ್‌ನ ಹೈಸ್ಕೂಲುಗಳಿಗೆ ಕಾಲೇಜುಗಳೇ ಬಂದು ಬಹುಮಾನ ಹಂಚುತ್ತವೆ. ಯಾರಿಗೆ, ಎಷ್ಟು, ಯಾಕೆ? ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಕನ್ನಡ ಮನೆಗಳು ವರ್ಷವರ್ಷವೂ ಬಿಡಿಸುವ ಲೆಕ್ಕ ಇದು.

ಮೇ ತಿಂಗಳು ಹತ್ತಿರವಾದಂತೆ ಟೆಕ್ಸಸ್‌ನ ಹೈಸ್ಕೂಲುಗಳಲ್ಲಿ ಬಹುಮಾನ ವಿತರಣೆಯ ಸಂಜೆಗಳು ಶುರುವಾಗುತ್ತವೆ. ಡಲ್ಲಾಸ್ ಸುತ್ತಲಿನ ಪ್ಲೇನೊ, ಫ್ರಿಸ್ಕೊ, ಕಾಪೆಲ್. ಹ್ಯೂಸ್ಟನ್ ಮಗ್ಗುಲಿನ ಶುಗರ್‌ಲ್ಯಾಂಡ್, ಕೇಟಿ. ಆಸ್ಟಿನ್‌ಗೆ ಅಂಟಿಕೊಂಡ ರೌಂಡ್‌ರಾಕ್, ಸೀಡರ್ ಪಾರ್ಕ್. ಭಾರತದಿಂದ ಬಂದವರು ಹೆಚ್ಚಾಗಿ ನೆಲೆಸಿರುವ ಈ ಊರುಗಳ ಶಾಲಾ ಸಭಾಂಗಣಗಳಲ್ಲಿ ಆ ಸಂಜೆ ನಮ್ಮ ಕಡೆಯ ಹೆಸರುಗಳೂ ಕೇಳಿಸುತ್ತವೆ. ಹನ್ನೊಂದನೇ ತರಗತಿಯ ಒಬ್ಬ ಹುಡುಗಿ ಎದ್ದು ಹೋಗಿ ಹಾರ್ವರ್ಡ್ ಹೆಸರಿನ ಪ್ರಶಸ್ತಿ ತರುತ್ತಾಳೆ. ಇನ್ನೊಬ್ಬ ಹುಡುಗ ರೆನ್ಸೆಲೇರ್ ಎಂಬ, ಮನೆಯವರು ಅದುವರೆಗೆ ಕೇಳಿಯೇ ಇರದ ಕಾಲೇಜಿನ ಪದಕ ತರುತ್ತಾನೆ. ಫೋಟೊ ವಾಟ್ಸಾಪ್‌ ಹತ್ತಿ ಮೈಸೂರು ತಲುಪುವುದೇ ತಡ, ತಾತನ ಫೋನು ಬರುತ್ತದೆ.

"ಹಾರ್ವರ್ಡ್ ಪ್ರಶಸ್ತಿ ಬಂತಂತಲ್ಲೇ ಪುಟ್ಟಿ! ಸೀಟು ಸಿಕ್ಕ ಹಾಗೇ ಅನ್ನು."

"ಇಲ್ಲ ತಾತ, ಒಂದು ಪುಸ್ತಕ ಕೊಟ್ರು. ಅಷ್ಟೇ."

"ಪುಸ್ತಕಾನಾ? ಅಷ್ಟು ದೊಡ್ಡ ಕಾಲೇಜು, ಬರೀ ಪುಸ್ತಕ ಕೊಡ್ತಾ?"

ಇಂಥ ಮಾತು ಎಷ್ಟು ಮನೆಗಳಲ್ಲಿ ನಡೆದಿರಬಹುದೋ! ತಾತನ ಪ್ರಶ್ನೆ ಮಾತ್ರ ಸರಿಯಾದದ್ದೇ. ಜಗತ್ತಿನ ಅತಿ ಶ್ರೀಮಂತ ವಿಶ್ವವಿದ್ಯಾಲಯ ಒಂದು ಪುಸ್ತಕ ಕೊಟ್ಟು ಸುಮ್ಮನಾಗುತ್ತದೆ. ಅಷ್ಟೇನೂ ಹೆಸರು ಕೇಳದ ಕಾಲೇಜು ಪದಕದ ಜೊತೆ ನಾಲ್ಕು ವರ್ಷದ ಸ್ಕಾಲರ್‌ಶಿಪ್ಪಿನ ಭರವಸೆಯನ್ನೂ ಕೊಡುತ್ತದೆ. ಹಾಗಾದರೆ ಹುಡುಗಿಗಿಂತ ಹುಡುಗ ಜಾಣನೆ? ಅಲ್ಲ. ಬಹುಮಾನದ ತೂಕದಿಂದ ಮಗುವಿನ ಬುದ್ಧಿಗಿಂತ ಹೆಚ್ಚಾಗಿ ತಿಳಿಯುವುದು ಕೊಟ್ಟ ಕಾಲೇಜಿನ ಅಗತ್ಯ. ಇದೊಂದನ್ನು ಹಿಡಿದುಕೊಂಡರೆ ಈ ಪ್ರಶಸ್ತಿಗಳ ಕಾಡಿನಲ್ಲಿ ದಾರಿ ಕಾಣುತ್ತದೆ.

ಪುಸ್ತಕದ ಲೆಕ್ಕ

ಹಾರ್ವರ್ಡಿನ ಹಳೆಯ ವಿದ್ಯಾರ್ಥಿಗಳು ಹೈಸ್ಕೂಲು ಮಕ್ಕಳಿಗೆ ಪುಸ್ತಕ ಕೊಡಲು ಶುರು ಮಾಡಿದ್ದು 1910ರಲ್ಲಿ. ಇದರಲ್ಲಿ ಅರ್ಜಿ, ಪರೀಕ್ಷೆ, ಸಂದರ್ಶನ ಯಾವುದೂ ಇಲ್ಲ. ಆಯಾ ಊರಿನ ಹಾರ್ವರ್ಡ್ ಕ್ಲಬ್ಬು ಶಾಲೆಗಳನ್ನು ಗುರುತಿಸಿ ಪುಸ್ತಕ ಕಳಿಸುತ್ತದೆ. ಯಾರಿಗೆ ಕೊಡಬೇಕೆಂದು ಶಾಲೆಯ ಶಿಕ್ಷಕರು, ಕೌನ್ಸೆಲರ್‌ಗಳು ತೀರ್ಮಾನಿಸುತ್ತಾರೆ. ಓದಿನಲ್ಲಿ ಮುಂದಿರಬೇಕು, ನಡತೆ ಚೆನ್ನಾಗಿರಬೇಕು, ಓದಿನಾಚೆಗೂ ಏನಾದರೂ ಸಾಧಿಸಿರಬೇಕು ಎಂಬುದು ಸ್ಥೂಲ ನಿಯಮ. ಹನ್ನೊಂದನೇ ತರಗತಿಯವರಿಗೇ ಕೊಡುವುದಕ್ಕೆ ಕಾರಣವಿದೆ: ಅಮೆರಿಕದಲ್ಲಿ ಕಾಲೇಜಿನ ಅರ್ಜಿ ತುಂಬುವುದು ಹನ್ನೆರಡನೇ ತರಗತಿಯ ಆರಂಭದಲ್ಲಿ. ಅದಕ್ಕೆ ಕೆಲವೇ ತಿಂಗಳು ಮೊದಲು ಕಾಲೇಜಿನ ಹೆಸರೊಂದು ಮಗುವಿನ ಕಿವಿಗೆ ಬಿದ್ದಿರಬೇಕು.

ಹಾರ್ವರ್ಡ್ ಹಾಕಿದ ಈ ದಾರಿಯಲ್ಲಿ ಯೇಲ್, ಡಾರ್ಟ್‌ಮತ್, ಬ್ರೌನ್, ವಿಲಿಯಮ್ಸ್ ಮುಂತಾದ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳೂ ನಡೆದವು. ಮಹಿಳಾ ಕಾಲೇಜುಗಳಾದ ವೆಲ್ಸ್‌ಲಿ ಮತ್ತು ಸ್ಮಿತ್ ಹುಡುಗಿಯರಿಗೆ ಪುಸ್ತಕ ಕೊಡುತ್ತವೆ. ಬ್ರೌನ್ ಇಂಗ್ಲಿಷ್‌ ಬರವಣಿಗೆ, ಮಾತುಗಾರಿಕೆಯ ಕಡೆ ನೋಡಿದರೆ, ವರ್ಮಾಂಟ್‌ನ ಸೇಂಟ್ ಮೈಕಲ್ಸ್ ಸಮಾಜಸೇವೆಯಲ್ಲಿ ತೊಡಗಿದ ಮಕ್ಕಳನ್ನು ಹುಡುಕುತ್ತದೆ. ಎಲ್ಲ ಶಾಲೆಗೂ ಎಲ್ಲ ಪ್ರಶಸ್ತಿ ಬರುವುದಿಲ್ಲ. ಎಲ್ಲಿ ಹಳೆಯ ವಿದ್ಯಾರ್ಥಿಗಳ ಓಡಾಟ ಹೆಚ್ಚೋ ಅಲ್ಲಿಗೆ ಪುಸ್ತಕ ಬರುತ್ತದೆ. ಹೀಗಾಗಿ ಒಂದೇ ಊರಿನ ಎರಡು ಶಾಲೆಗಳಲ್ಲಿ ಪಟ್ಟಿ ಬೇರೆಬೇರೆ ಇರುತ್ತದೆ. ಪ್ರಶಸ್ತಿ ಬರದಿದ್ದರೆ ಮಗುವಿನಲ್ಲಿ ಕೊರತೆ ಇದೆ ಎಂದುಕೊಳ್ಳಬೇಕಿಲ್ಲ. ಆ ಶಾಲೆಗೆ ಆ ಪುಸ್ತಕವೇ ಬಂದಿರದಿರಬಹುದು.

ಇನ್ನು ತಾತನ ಪ್ರಶ್ನೆ: ಬರೀ ಪುಸ್ತಕ ಯಾಕೆ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್‌ನ ಎಂಟೂ ವಿಶ್ವವಿದ್ಯಾಲಯಗಳು ಅಂಕ, ಪ್ರತಿಭೆ ನೋಡಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಅಲ್ಲಿ ಸಹಾಯ ಸಿಗುವುದು ಮನೆಯ ಆದಾಯದ ಮೇಲೆ. ಬಡವರ ಮಗು ಪ್ರವೇಶ ಪಡೆದರೆ ಪೂರ್ತಿ ಖರ್ಚನ್ನೇ ಅವು ವಹಿಸಿಕೊಳ್ಳಬಹುದು. ಇಬ್ಬರೂ ದುಡಿಯುವ ಐಟಿ ದಂಪತಿಯ ಮಗುವಾದರೆ ಎಷ್ಟೇ ಜಾಣ ಇದ್ದರೂ ಶುಲ್ಕ ಕಟ್ಟಿಸಿಕೊಳ್ಳುತ್ತವೆ. ಜಾಣರು ತಾವಾಗಿಯೇ ಸಾಲುಗಟ್ಟಿ ಬರುವಾಗ ದುಡ್ಡು ಕೊಟ್ಟು ಕರೆಯುವ ಅಗತ್ಯವೇನು? ಅದಕ್ಕೇ ಪುಸ್ತಕ. ಈ ಪುಸ್ತಕದಿಂದ ಪ್ರವೇಶಕ್ಕೆ ಯಾವ ಖಾತರಿಯೂ ಇಲ್ಲ. ಅರ್ಜಿಯ ಪುರಸ್ಕಾರಗಳ ಕಾಲಮ್ಮಿನಲ್ಲಿ ಒಂದು ಸಾಲು ಸೇರುತ್ತದೆ ಎಂಬುದಷ್ಟೇ ಲಾಭ.

ಪದಕದ ಜೊತೆ ಚೀಟಿ

ಪದಕದ ಲೆಕ್ಕವೇ ಬೇರೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ 1824ರಲ್ಲಿ ಶುರುವಾದ ರೆನ್ಸೆಲೇರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್ ಅಮೆರಿಕದ ಅತಿ ಹಳೆಯ ತಾಂತ್ರಿಕ ವಿದ್ಯಾಸಂಸ್ಥೆಗಳಲ್ಲಿ ಒಂದು. 1916ರಿಂದ ಅದು ಗಣಿತ, ವಿಜ್ಞಾನದಲ್ಲಿ ಮುಂದಿರುವ ಹನ್ನೊಂದನೇ ತರಗತಿಯ ವಿದ್ಯಾರ್ಥಿಗೆ ಪದಕ ಕೊಡುತ್ತ ಬಂದಿದೆ. ಆರಿಸುವವರು ಇಲ್ಲಿಯೂ ಶಾಲೆಯವರೇ. ಪದಕ ಪಡೆದವರು ಮುಂದೆ ಅಲ್ಲಿಗೇ ಅರ್ಜಿ ಹಾಕಿ, ಪ್ರವೇಶ ಗಿಟ್ಟಿಸಿ, ಸೇರಿಕೊಂಡರೆ ವರ್ಷವರ್ಷವೂ ಶುಲ್ಕದಲ್ಲಿ ದೊಡ್ಡ ಮೊತ್ತ ಕಳೆಯುತ್ತಾರೆ. ಬೇರೆ ಕಾಲೇಜಿಗೆ ಹೋದರೆ ಪದಕ ಗೋಡೆಯ ಮೇಲೆ, ದುಡ್ಡು ಟ್ರಾಯ್‌ನಲ್ಲಿ.

ರಾಚೆಸ್ಟರ್ ವಿಶ್ವವಿದ್ಯಾಲಯವೂ ಅದೇ ರಾಜ್ಯದ್ದು. ಅದು ಶಾಲೆಗಳಿಗೆ ಕೊಡುವ ಪ್ರಶಸ್ತಿಗಳ ಹೆಸರುಗಳಲ್ಲಿ ಆ ಊರಿನ ಚರಿತ್ರೆಯೇ ಅಡಗಿದೆ. ವಿಜ್ಞಾನಕ್ಕೆ ಕನ್ನಡಕದ ಗಾಜಿನ ಕಂಪನಿ ಬಾಷ್ ಅಂಡ್ ಲಾಂಬ್ ಹೆಸರು, ಮಾಹಿತಿ ತಂತ್ರಜ್ಞಾನಕ್ಕೆ ಜೆರಾಕ್ಸ್, ನಾಯಕತ್ವಕ್ಕೆ ಕೊಡಾಕ್ ಕಟ್ಟಿದ ಜಾರ್ಜ್ ಈಸ್ಟ್‌ಮನ್, ಮಾನವಿಕ ವಿಷಯಗಳಿಗೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಮತ್ತು ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಟನಿ. ಇವರೆಲ್ಲರಿಗೂ ರಾಚೆಸ್ಟರಿನ ನಂಟಿದೆ.

ಸಾವಿರಕ್ಕೂ ಹೆಚ್ಚು ಮೈಲಿ ದೂರದ, ಚಳಿಗಾಲದಲ್ಲಿ ಹಿಮ ಮುಚ್ಚುವ ಊರಿನ ಕಾಲೇಜಿಗೆ ಡಲ್ಲಾಸಿನ ಹುಡುಗನ ಮೇಲೆ ಇಷ್ಟೇಕೆ ಪ್ರೀತಿ? ಟೆಕ್ಸಸ್‌ನಲ್ಲಿ ಮಕ್ಕಳ ಸಂಖ್ಯೆ ದೊಡ್ಡದು, ಶಾಲೆಗಳು ಗಟ್ಟಿ, ಆದರೆ ಅಲ್ಲಿಯ ಮಕ್ಕಳು ತಮ್ಮ ರಾಜ್ಯ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ. ಖಾಸಗಿ ಕಾಲೇಜುಗಳು ಬರೆದಿಡುವ ಶುಲ್ಕ ಒಂದು, ಹೆಚ್ಚಿನವರು ನಿಜಕ್ಕೂ ಕಟ್ಟುವುದು ಇನ್ನೊಂದು. ನಡುವಿನ ರಿಯಾಯಿತಿಗೆ ಸ್ಕಾಲರ್‌ಶಿಪ್ ಎಂಬ ಹೆಸರು. ಪದಕ ಆ ರಿಯಾಯಿತಿಗೆ ಗೌರವದ ಮುಖ ಕೊಡುತ್ತದೆ. ಇದು ಮೋಸವಲ್ಲ, ಮಗುವಿಗೆ ಯೋಗ್ಯತೆ ಇದ್ದದ್ದೂ ನಿಜ, ಕಾಲೇಜಿಗೆ ಆ ಮಗು ಬೇಕಾಗಿದ್ದದ್ದೂ ನಿಜ. ಕೈಗೆ ಕೊಟ್ಟದ್ದು ವೀಳ್ಯ, ಊಟ ಹಾಕುವುದು ಅವರ ಮನೆಗೆ ಹೋದರೆ ಮಾತ್ರ ಎಂಬುದನ್ನು ಮರೆಯದಿದ್ದರೆ ಸಾಕು.

ಎರಡು ಊರು, ಎರಡು ತೀರ್ಮಾನ

ಬಹುಮಾನದ ಹಿಂದೆ ಕಾಲೇಜಿನ ಅಗತ್ಯವಿದೆ ಎಂಬ ಮಾತು ಟೆಕ್ಸಸ್‌ನೊಳಗೇ ಹೇಗೆ ನಿಜವಾಗುತ್ತದೆ ಎಂದು ನೋಡಲು ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿನ ಕಡೆ ಬರಬೇಕು. 1955ರಲ್ಲಿ ಆರಂಭವಾದ ಈ ಸ್ಪರ್ಧೆಗೆ ಹನ್ನೊಂದನೇ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್ಎಟಿ ಪರೀಕ್ಷೆಯೇ ಬಾಗಿಲು. ದೇಶದಾದ್ಯಂತ 13 ಲಕ್ಷದಷ್ಟು ಮಕ್ಕಳು ಇದರಲ್ಲಿ ಸ್ಪರ್ಧಿಸುತ್ತಾರೆ. ಅವರಲ್ಲಿ ಸುಮಾರು 16,000 ಮಂದಿ ಸೆಮಿಫೈನಲಿಸ್ಟ್ ಆಗುತ್ತಾರೆ. ಈ ಸಂಖ್ಯೆಯನ್ನು ರಾಜ್ಯಗಳಿಗೆ ಹಂಚಿರುವುದರಿಂದ ಕಟ್‌ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಒಟ್ಟು 228ರಲ್ಲಿ ಟೆಕ್ಸಸ್‌ನ ಗೆರೆ ಮೇಲಿನ ಸಾಲಿನಲ್ಲೇ ಇರುತ್ತದೆ. ಸುಮಾರು 15,000 ಮಂದಿ ಫೈನಲಿಸ್ಟ್‌ಗಳಾದರೂ ಸ್ಕಾಲರ್‌ಶಿಪ್ ಸಿಗುವುದು ಅದರಲ್ಲಿ ಅರ್ಧದಷ್ಟು ಮಂದಿಗೆ.

ದುಡ್ಡು ಬರುವುದು ಮೂರು ದಾರಿಯಲ್ಲಿ. ಸಂಸ್ಥೆಯೇ ಕೊಡುವ ಒಂದು ಸಲದ 2,500 ಡಾಲರ್. ಕಂಪನಿಗಳು ಹೆಚ್ಚಾಗಿ ತಮ್ಮ ನೌಕರರ ಮಕ್ಕಳಿಗೆ ಕೊಡುವುದು. ಮೂರನೆಯದು ಕಾಲೇಜುಗಳು ಪ್ರಾಯೋಜಿಸುವುದು. ಈ ಮೂರನೆಯದಕ್ಕೆ ಒಂದು ಕರಾರು ಇದೆ: ವಿದ್ಯಾರ್ಥಿ ಆ ಕಾಲೇಜನ್ನೇ ತನ್ನ ಮೊದಲ ಆಯ್ಕೆ ಎಂದು ಬರೆದುಕೊಡಬೇಕು. ಅಧಿಕೃತ ಮೊತ್ತ ವರ್ಷಕ್ಕೆ 500ರಿಂದ 2,000 ಡಾಲರ್. ಆದರೆ ಮಕ್ಕಳನ್ನು ಸೆಳೆಯಬೇಕೆನ್ನುವ ಕಾಲೇಜುಗಳು ಅದರ ಮೇಲೆ ತಮ್ಮ ಕೈಯಿಂದ ಬೋಧನಾ ಶುಲ್ಕ, ಹಾಸ್ಟೆಲು, ವಿದೇಶ ಪ್ರವಾಸದ ಖರ್ಚು ಎಂದು ಸೇರಿಸುತ್ತ ಹೋಗುತ್ತವೆ.

ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿರುವ ಯುಟಿ (ಯುನಿವರ್ಸಿಟಿ ಆಫ್ ಟೆಕ್ಸಸ್) ಡಲ್ಲಾಸ್ ಹೀಗೆ ಸೆಳೆಯುವುದರಲ್ಲಿ ಹೆಸರು ಮಾಡಿದ ವಿಶ್ವವಿದ್ಯಾಲಯ. ಅದರ ಮೂಲ ಬೆಂಗಳೂರಿನವರಿಗೆ ಪರಿಚಯದ್ದೇ: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್. 1985ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಐಟಿ ಕಥೆಯ ಮೊದಲ ಅಧ್ಯಾಯಗಳಲ್ಲಿ ಸೇರಿಕೊಂಡ ಕಂಪನಿ ಅದು. ಅದನ್ನು ಕಟ್ಟಿದ ಯೂಜೀನ್ ಮೆಕ್‌ಡರ್ಮಟ್, ಸೆಸಿಲ್ ಗ್ರೀನ್ ಮತ್ತು ಎರಿಕ್ ಜಾನ್ಸನ್‌ಗೆ ಒಂದು ಕೊರಗಿತ್ತು. ತಮ್ಮ ಕಂಪನಿಗೆ ಬೇಕಾದ ಮೇಧಾವಿಗಳನ್ನು ಹೊರಗಿನಿಂದ ತರಿಸಬೇಕು, ಟೆಕ್ಸಸ್‌ನ ಜಾಣ ಮಕ್ಕಳು ಮಾತ್ರ ಉನ್ನತ ಶಿಕ್ಷಣಕ್ಕೆ ಬೇರೆ ರಾಜ್ಯದ ದಾರಿ ಹಿಡಿಯಬೇಕು. 1961ರಲ್ಲಿ ಅವರು ಶುರು ಮಾಡಿದ ಸಂಶೋಧನಾ ಕೇಂದ್ರವೇ 1969ರಲ್ಲಿ ಯುಟಿ ಡಲ್ಲಾಸ್ ಆಯಿತು. ಹೈಸ್ಕೂಲು ಮುಗಿಸಿದವರನ್ನು ನೇರವಾಗಿ ಮೊದಲ ವರ್ಷಕ್ಕೆ ಅದು ಸೇರಿಸಿಕೊಳ್ಳತೊಡಗಿದ್ದು 1990ರಲ್ಲಿ. ಅಷ್ಟು ತಡವಾಗಿ ಬಂದವರಿಗೆ ಹಳೆಯ ವಿದ್ಯಾರ್ಥಿಗಳ ದಂಡೂ ಇಲ್ಲ, ಟೆಕ್ಸಸ್‌ನಲ್ಲಿ ಊರೂರನ್ನು ಮರುಳು ಮಾಡುವ ಫುಟ್‌ಬಾಲ್ ತಂಡವೂ ಇಲ್ಲ. ಅದು ಹಿಡಿದ ದಾರಿ ಜಾಣರನ್ನೇ ಕರೆತರುವುದು. ಚೆಸ್ ಆಟಗಾರರಿಗೆ ಸ್ಕಾಲರ್‌ಶಿಪ್ ಕೊಟ್ಟಿತು. ಮೆರಿಟ್ ಫೈನಲಿಸ್ಟ್‌ಗಳಿಗೆ ಧಾರಾಳವಾಗಿ ಕೊಟ್ಟಿತು. ಮೆಕ್‌ಡರ್ಮಟ್ ಅವರ ಪತ್ನಿ ಮಾರ್ಗರೆಟ್ 2000ದಲ್ಲಿ 3.2 ಕೋಟಿ ಡಾಲರ್ ದತ್ತಿ ಇಟ್ಟರು. ಅದರಿಂದ ಪ್ರತಿ ವರ್ಷ ಆಯ್ದ ಕೆಲವರಿಗೆ ಓದು, ವಸತಿ, ಪ್ರವಾಸ ಎಲ್ಲ ಸೇರಿದ ಪೂರ್ಣ ನೆರವು ಸಿಗುತ್ತದೆ.

ಮುನ್ನೂರು ಕಿಲೋಮೀಟರ್ ದಕ್ಷಿಣಕ್ಕೆ, ಅದೇ ಯುಟಿ ಕುಟುಂಬದ ಹಿರಿಯಣ್ಣ ಯುಟಿ ಆಸ್ಟಿನ್ ಮಾಡಿದ್ದು ಇದರ ಉಲ್ಟಾ. ಮೆರಿಟ್ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿದ್ದಾಗಲೇ, 2009ರಲ್ಲಿ, ಇನ್ನು ನ್ಯಾಷನಲ್ ಮೆರಿಟ್‌ಗೆ ಪ್ರಾಯೋಜಕತ್ವ ಇಲ್ಲ ಎಂದು ಅದು ಪ್ರಕಟಿಸಿತು. ಆ ಹಣವನ್ನು ಆರ್ಥಿಕ ಅಗತ್ಯ ಇರುವ ಮಕ್ಕಳಿಗೆ ಕೊಡುತ್ತೇವೆ ಎಂಬುದು ಅದು ಕೊಟ್ಟ ಕಾರಣ. ಕಾರಣ ಒಳ್ಳೆಯದೇ. ಆದರೆ ಕರೆಯದಿದ್ದರೂ ಜಾಣರು ಬರುತ್ತಾರೆಂಬ ಧೈರ್ಯ ಇದ್ದವರಿಗಷ್ಟೇ ಅಂಥ ತೀರ್ಮಾನ ಸುಲಭ.

ಕಾನೂನೇ ಕೊಟ್ಟ ಬಹುಮಾನ

ಯುಟಿ ಆಸ್ಟಿನ್‌ಗೆ ಆ ಧೈರ್ಯ ಬರುವುದಕ್ಕೆ ಇನ್ನೊಂದು ಕಾರಣ ಟೆಕ್ಸಸ್‌ನ ಕಾನೂನು. 1996ರ ಹಾಪ್‌ವುಡ್ ತೀರ್ಪಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದಿತು. ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಪ್ರವೇಶ ಕುಸಿಯುವ ಭಯ ಹುಟ್ಟಿತು. ಆಗ ಶಾಸಕಿ ಇರ್ಮಾ ರಾಂಗೆಲ್ ಮಂಡಿಸಿದ ಮಸೂದೆಗೆ 1997ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. ರಾಜ್ಯದ ಯಾವುದೇ ಹೈಸ್ಕೂಲಿನ ಮೊದಲ ಶೇ 10ರಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಎಂಬುದು ಅದರ ಸಾರ. ಶ್ರೀಮಂತ ಬಡಾವಣೆಯ ಶಾಲೆಗೂ ಗಡಿಭಾಗದ ಬಡ ಶಾಲೆಗೂ ಒಂದೇ ಅಳತೆ.

ಅರ್ಹರ ಸಂಖ್ಯೆ ಏರುತ್ತ ಹೋದದ್ದರಿಂದ 2009ರಲ್ಲಿ ಯುಟಿ ಆಸ್ಟಿನ್‌ಗೆ ಮಾತ್ರ ಮಿತಿ ಹಾಕಿಕೊಳ್ಳಲು ಅವಕಾಶ ಕೊಟ್ಟರು. ಶೇ 6ಕ್ಕೆ ಇಳಿದಿದ್ದ ಗೆರೆ 2026ರ ಪ್ರವೇಶಕ್ಕೆ ಶೇ 5ಕ್ಕೆ ಬಂದಿದೆ. ಸಾವಿರ ಮಕ್ಕಳಿರುವ ತರಗತಿಯಲ್ಲಿ ಐವತ್ತನೆಯವಳಿಗೆ ಬಾಗಿಲು ತೆರೆದಿದೆ, ಐವತ್ತೊಂದನೆಯವಳು ಉಳಿದವರ ಸಾಲಿನಲ್ಲಿ ನಿಲ್ಲಬೇಕು. ಬಾಗಿಲು ತೆರೆದವಳಿಗೂ ವಿಶ್ವವಿದ್ಯಾಲಯದೊಳಗೆ ಜಾಗ ಸಿಕ್ಕಿತೇ ಹೊರತು ಕಂಪ್ಯೂಟರ್ ಸೈನ್ಸೇ ಸಿಗುತ್ತದೆಂಬ ಖಾತರಿ ಇಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಕಣ್ಣೀರಿಗೆ ಕಾರಣ ಈ ಮಾತನ್ನು ಯಾರೂ ಮೊದಲೇ ಹೇಳದಿರುವುದು. ಶಾಲೆಗೆ ಪ್ರಥಮ ಸ್ಥಾನ ಪಡೆದವರಿಗೆ ರಾಜ್ಯದ ಶಿಕ್ಷಣ ಇಲಾಖೆಯ ಪ್ರಮಾಣಪತ್ರ ಬರುತ್ತದೆ. ಟೆಕ್ಸಸ್‌ನ ಸರ್ಕಾರಿ ಕಾಲೇಜು ಸೇರಿದರೆ ಮೊದಲ ವರ್ಷದ ಬೋಧನಾ ಶುಲ್ಕ ಮಾಫಿ.

ಕಾನೂನು ಬಾಗಿಲು ತೆರೆಯಬಲ್ಲದು, ಮಗುವನ್ನು ಕೈಹಿಡಿದು ತರಲಾರದು. ಡಲ್ಲಾಸ್, ಹ್ಯೂಸ್ಟನ್‌ನ ಒಳನಗರದ ಎಷ್ಟೋ ಶಾಲೆಗಳಿಂದ ಯುಟಿಗೆ ಅರ್ಜಿ ಹಾಕುತ್ತಿದ್ದವರೇ ವಿರಳ. ಹೀಗಾಗಿ 1999ರಲ್ಲಿ ಯುಟಿ ಆಸ್ಟಿನ್ 'ಲಾಂಗ್‌ಹಾರ್ನ್ ಆಪರ್ಚುನಿಟಿ' ಎಂಬ ಸ್ಕಾಲರ್‌ಶಿಪ್ ತಂದಿತು. ಆದಾಯ ಕಡಿಮೆ ಇರುವ, ಅದುವರೆಗೆ ಯುಟಿಗೆ ಹೆಚ್ಚು ಮಕ್ಕಳನ್ನು ಕಳಿಸದ ಶಾಲೆಗಳನ್ನು ಆರಿಸಿ, ಆ ಶಾಲೆಗಳ ಮುಂದಿನ ಸಾಲಿನ ಮಕ್ಕಳಿಗೆ ಹಣವನ್ನೂ ಕಾಲೇಜಿನಲ್ಲಿ ಆಸರೆಯನ್ನೂ ಕೊಡುವ ಯೋಜನೆ ಅದು. ಇಲ್ಲಿ ಕಾಲೇಜು ಮೊದಲು ನೋಡಿದ್ದು ಶಾಲೆಯನ್ನು. ಕಾಲೇಜಿನ ಅಗತ್ಯ ಎಂದರೆ ಯಾವಾಗಲೂ ತನ್ನ ಹೆಸರನ್ನು ಏರಿಸಿಕೊಳ್ಳುವುದೇ ಆಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಕಥೆಯಲ್ಲೂ ಇಂಥ ತಿರುವಿದೆ. ಸ್ಥಾಪಕ ವಿಲಿಯಂ ಮಾರ್ಷ್ ರೈಸ್ ಇಟ್ಟ ದತ್ತಿಯಿಂದಾಗಿ 1912ರಿಂದ 1965ರವರೆಗೆ ಅಲ್ಲಿ ಯಾರಿಂದಲೂ ಬೋಧನಾ ಶುಲ್ಕ ಪಡೆಯಲಿಲ್ಲ. ಆದರೆ ಅದೇ ದತ್ತಿ ಪತ್ರ ಬಿಳಿಯರಿಗೆ ಮಾತ್ರ ಎಂದೂ ಹೇಳಿತ್ತು. ಬಾಗಿಲನ್ನು ಎಲ್ಲರಿಗೂ ತೆರೆಯಲು ಮತ್ತು ಶುಲ್ಕ ವಸೂಲು ಮಾಡಲು ಎರಡಕ್ಕೂ ಸೇರಿಸಿಯೇ ನ್ಯಾಯಾಲಯದಿಂದ ಅನುಮತಿ ಪಡೆಯಬೇಕಾಯಿತು. 2018ರಲ್ಲಿ ರೈಸ್, ವರ್ಷಕ್ಕೆ 1,30,000 ಡಾಲರ್‌ಗಿಂತ ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ ಎಂದು ಪ್ರಕಟಿಸಿತು. ಅಂದು ಊರಿನ ಬಿಳಿಯರಿಗೆಲ್ಲ ಉಚಿತವಿದ್ದದ್ದು ಈಗ ಬಣ್ಣ ನೋಡದೆ ಆದಾಯ ನೋಡಿ ಉಚಿತ.

ಹತ್ತು ನಿಮಿಷ, ಎಂಬತ್ತು ಲೆಕ್ಕ

ಇಷ್ಟೆಲ್ಲ ಸೆಳೆತಗಳ ನಡುವೆ ಟೆಕ್ಸಸ್‌ನಲ್ಲಿ ಇನ್ನೊಂದು ಬಗೆಯ ಸ್ಪರ್ಧೆ ಇದೆ. ನಡೆಸುವುದು ವಿಶ್ವವಿದ್ಯಾಲಯವೇ, ಆದರೆ ಗೆದ್ದವರು ಅಲ್ಲಿಗೇ ಬರಬೇಕೆಂಬ ಕರಾರಿಲ್ಲ. ಅದು ಯುನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಎಲ್ಲರ ಬಾಯಲ್ಲಿ ಯುಐಎಲ್. 1909ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಹುಟ್ಟುಹಾಕಿದ ಈ ಸಂಸ್ಥೆ ಆರಂಭದಲ್ಲಿ ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆಗೆ ನಿಂತದ್ದು. ಇಂದು ರಾಜ್ಯದ ಹೈಸ್ಕೂಲು ಫುಟ್‌ಬಾಲಿನಿಂದ ಹಿಡಿದು ನಾಟಕ, ಪ್ರಬಂಧ, ಸ್ಪೆಲಿಂಗ್, ವಿಜ್ಞಾನ, ಗಣಿತದವರೆಗೆ ಎಲ್ಲ ಇದರ ಕೈಯಲ್ಲಿ. ಶೈಕ್ಷಣಿಕ ಸ್ಪರ್ಧೆಗಳಲ್ಲಿ ಸುತ್ತುಸುತ್ತಾಗಿ ಗೆದ್ದು ಬಂದವರು ಶಾಲಾ ವರ್ಷದ ಕೊನೆಗೆ ಆಸ್ಟಿನ್‌ನಲ್ಲಿ ಸೇರುತ್ತಾರೆ.

ಇದರ 'ನಂಬರ್ ಸೆನ್ಸ್' ಸ್ಪರ್ಧೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತು ನಿಮಿಷ, ಎಂಬತ್ತು ಲೆಕ್ಕ. ಕ್ಯಾಲ್ಕುಲೇಟರ್ ಇಲ್ಲ, ಪಕ್ಕದಲ್ಲಿ ಗೀಚುವ ಹಾಗಿಲ್ಲ, ಬರೆದದ್ದನ್ನು ಅಳಿಸುವ ಹಾಗಿಲ್ಲ. ಎಲ್ಲ ಬಾಯಿಲೆಕ್ಕ, ಹಾಳೆಯ ಮೇಲೆ ಬೀಳಬೇಕಾದದ್ದು ಉತ್ತರ ಮಾತ್ರ. ಪ್ರತಿ ಹತ್ತನೆಯ ಲೆಕ್ಕಕ್ಕೆ ಮಾತ್ರ ಅಂದಾಜು ಸಾಕು, ಶೇ 5ರ ಆಚೀಚೆ ಇದ್ದರೂ ಸರಿ. ಅಂಕ ಕೊಡುವ ರೀತಿ ಇನ್ನೂ ಕಟ್ಟುನಿಟ್ಟು. ಎಷ್ಟನೆಯ ಲೆಕ್ಕದವರೆಗೆ ಹೋದಿರೋ ಅದರ ಐದು ಪಟ್ಟು ಅಂಕ. ಆ ನಡುವೆ ತಪ್ಪಿದ್ದಕ್ಕೂ ಬಿಟ್ಟದ್ದಕ್ಕೂ ತಲಾ ಒಂಬತ್ತು ಕಳೆಯಬೇಕು. ಅರವತ್ತನೆಯ ಲೆಕ್ಕದವರೆಗೆ ಹೋಗಿ ಮೂರು ತಪ್ಪಿದರೆ 300ರಲ್ಲಿ 27 ಕಳೆದು 273. ಬರದ ಲೆಕ್ಕವನ್ನು ಹಾರಿ ಮುಂದೆ ಓಡಿದವನಿಗೂ ದಂಡವಿದೆ.

48ನ್ನು 52ರಿಂದ ಗುಣಿಸು ಎಂದರೆ ಅಲ್ಲಿ ಪಳಗಿದ ಹುಡುಗಿ ಗುಣಿಸುವುದೇ ಇಲ್ಲ. ಎರಡೂ 50ರಿಂದ ಎರಡೆರಡು ದೂರ. 2,500ರಲ್ಲಿ 4 ಕಳೆದು 2,496 ಎಂದು ಬರೆದು ಮುಂದೆ ಹೋಗಿರುತ್ತಾಳೆ. 35ನ್ನು 35ರಿಂದ ಗುಣಿಸಲು ಮೂರು ನಾಲ್ಕಲಿ ಹನ್ನೆರಡು, ಪಕ್ಕದಲ್ಲಿ ಇಪ್ಪತ್ತೈದು: 1,225. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿ ಬೆಳೆದ ನಮ್ಮ ಹಿಂದಿನ ತಲೆಮಾರಿನವರನ್ನು ಈ ಸ್ಪರ್ಧೆಗೆ ಕೂರಿಸಿದ್ದರೆ ಕೆಲವರಾದರೂ ಆಸ್ಟಿನ್‌ವರೆಗೆ ಹೋಗುತ್ತಿದ್ದರು.

ರಾಜ್ಯಮಟ್ಟದ ಶೈಕ್ಷಣಿಕ ಸ್ಪರ್ಧೆಗಳಲ್ಲಿ ಭಾಗವಹಿಸಿದವರಿಗೆ ಯುಐಎಲ್‌ನ ಜೊತೆಗಿರುವ ಪ್ರತಿಷ್ಠಾನವೊಂದು ಸ್ಕಾಲರ್‌ಶಿಪ್ ಕೊಡುತ್ತದೆ. ಟೆಕ್ಸಸ್‌ನ ಕಾಲೇಜಿನಲ್ಲಿ ಓದಬೇಕೆಂಬ ನಿಯಮ ಉಂಟು, ಇಂಥದ್ದೇ ಕಾಲೇಜು ಎಂದಿಲ್ಲ. ಹೀಗೆಂದು ಯುಐಎಲ್ ಚರಿತ್ರೆ ನಿಷ್ಕಳಂಕವೇನಲ್ಲ. 1960ರ ದಶಕದ ನಡುವಿನವರೆಗೂ ಕಪ್ಪು ಮಕ್ಕಳ ಶಾಲೆಗಳಿಗೆ ಅದರೊಳಗೆ ಜಾಗವಿರಲಿಲ್ಲ. ಅವರು 1920ರಿಂದ ಹ್ಯೂಸ್ಟನ್‌ನ ವಾಯವ್ಯಕ್ಕಿರುವ ಪ್ರೇರಿ ವ್ಯೂ ಕಾಲೇಜಿನ ಆಶ್ರಯದಲ್ಲಿ ತಮ್ಮದೇ ಲೀಗ್ ಕಟ್ಟಿಕೊಂಡು ಆಟ, ಚರ್ಚೆ, ಪ್ರಬಂಧ ಸ್ಪರ್ಧೆಗಳನ್ನು ನಡೆಸಿದರು. 1970ರಲ್ಲಿ ಆ ಲೀಗ್ ಮುಚ್ಚಿತು.

ನಮ್ಮ ಮನೆಯ ಲೆಕ್ಕ

ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘವಿರಲಿ, ಹ್ಯೂಸ್ಟನ್‌ನ ಕನ್ನಡ ವೃಂದವಿರಲಿ, ಆಸ್ಟಿನ್ ಕನ್ನಡ ಸಂಘವಿರಲಿ, ಹೈಸ್ಕೂಲು ಮಕ್ಕಳ ತಂದೆತಾಯಿ ಒಂದೆಡೆ ಸೇರಿದರೆ ಮಾತು ಕಾಲೇಜಿಗೆ ಬರದೆ ಇರುವುದು ಅಪರೂಪ. ಕರ್ನಾಟಕದಲ್ಲಿ ಓದಿ ಬಂದವರಿಗೆ ಪ್ರಶಸ್ತಿ ಎಂದರೆ ಫಲಿತಾಂಶದ ನಂತರ ಬರುವ ಪ್ರತಿಭಾ ಪುರಸ್ಕಾರ. ಸಮುದಾಯದ ಸಂಘ, ಸಹಕಾರಿ ಬ್ಯಾಂಕು, ಊರಿನ ಗಣ್ಯರು ಸೇರಿ ಶಾಲು, ಹಾರ, ಫಲಕ ಕೊಡುತ್ತಾರೆ. ಅದು ಮುಗಿದದ್ದಕ್ಕೆ ಕೊಡುವ ಶಹಬ್ಬಾಸ್. ಕಾಲೇಜು ತಾನಾಗಿ ಬಂದು ಕರೆಯುವುದು ನಮ್ಮಲ್ಲೂ ಇಲ್ಲದ್ದಲ್ಲ: ಎಸ್ಎಸ್ಎಲ್‌ಸಿಯಲ್ಲಿ 625ಕ್ಕೆ 620 ಬಂದರೆ ಪಿಯು ಕಾಲೇಜುಗಳ ಫೋನು ಬರುತ್ತದೆ. ಶುಲ್ಕ ಬೇಡ, ಹಾಸ್ಟೆಲೂ ನಮ್ಮದೇ, ಫೋಟೊ ಮಾತ್ರ ನಮ್ಮ ಫ್ಲೆಕ್ಸ್ ಮೇಲಿರಲಿ ಎಂಬ ಒಪ್ಪಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕೆವಿಪಿವೈ ಪರೀಕ್ಷೆ ಇನ್ನೂ ಘನವಾದ ಉದಾಹರಣೆ. 1999ರಲ್ಲಿ ಶುರುವಾಗಿ 2022ರಲ್ಲಿ ನಿಂತ ಆ ಫೆಲೋಶಿಪ್, 2011ರಲ್ಲಿ ಸಂಸ್ಥೆ ಪದವಿ ತರಗತಿ ತೆರೆದ ಮೇಲೆ ಅಲ್ಲಿಯ ಪ್ರವೇಶಕ್ಕೂ ದಾರಿಯಾಗಿತ್ತು.

ಅಮೆರಿಕದ ನಮ್ಮ ಮನೆಗಳು ಸಿಕ್ಕಿಬೀಳುವುದು ನಡುವಿನಲ್ಲಿ. ಆದಾಯ ನೋಡಿ ಕೊಡುವ ನೆರವಿಗೆ ಸಂಬಳ ಹೆಚ್ಚಾಯಿತು. ನಾಲ್ಕು ವರ್ಷದ ಖಾಸಗಿ ಕಾಲೇಜಿನ ಪೂರ್ತಿ ಖರ್ಚಿಗೆ ಅದೇ ಸಂಬಳ ಸಾಲದು. ಅಪ್ಪ ಅಮ್ಮ ಎಚ್-1ಬಿ ವೀಸಾದಲ್ಲಿದ್ದು, ಗ್ರೀನ್ ಕಾರ್ಡಿನ ಸರತಿ ಮುಗಿಯದೆ, ಮಗು ಎಚ್-4 ವೀಸಾದಲ್ಲೇ ಹೈಸ್ಕೂಲು ಮುಗಿಸಿದರೆ ಕಷ್ಟ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ ನೆರವು, ಸಾಲ ಆ ಮಗುವಿಗೆ ಸಿಗುವುದಿಲ್ಲ. ಇಪ್ಪತ್ತೊಂದು ತುಂಬಿದ ಮೇಲೆ ಆ ವೀಸಾವೂ ಉಳಿಯುವುದಿಲ್ಲ. ಕಾಲೇಜು ತನ್ನ ಜೇಬಿನಿಂದ ಕೊಡುವ ಹಣಕ್ಕೆ ಮಾತ್ರ ನಿಯಮ ಆ ಕಾಲೇಜಿನದೇ. ಹಾಗಾಗಿ ಕಾಲೇಜು ತಾನೇ ಕೊಡುವ ಪ್ರಶಸ್ತಿಗಳು ಉಳಿದವರಿಗೆ ಹೆಮ್ಮೆಯ ವಿಷಯವಾದರೆ ಇಂಥ ಮನೆಗಳಿಗೆ ಅನ್ನದ ವಿಷಯ.

ಟೆಕ್ಸಸ್ ಕಾನೂನಿನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಸಾಲಿದೆ. ಸರ್ಕಾರಿ ವಿಶ್ವವಿದ್ಯಾಲಯವೊಂದು ಟೆಕ್ಸಸ್‌ನವರೂ ಸ್ಪರ್ಧಿಸುವ ಸ್ಕಾಲರ್‌ಶಿಪ್ಪಿನಲ್ಲಿ ಹೊರಗಿನ ವಿದ್ಯಾರ್ಥಿಗೆ ಕನಿಷ್ಠ 1,000 ಡಾಲರ್ ಕೊಟ್ಟರೆ, ಆ ವಿದ್ಯಾರ್ಥಿಗೆ ರಾಜ್ಯದವರ ಶುಲ್ಕದ ದರವನ್ನೇ ಅನ್ವಯಿಸಬಹುದು. ಎಷ್ಟು ಮಂದಿಗೆ ಹೀಗೆ ಕೊಡಬಹುದೆಂಬುದಕ್ಕೆ ಮಿತಿ ಇದೆ. ಹೊರರಾಜ್ಯದ, ಹೊರದೇಶದ ದರ ಟೆಕ್ಸಸ್ ದರದ ಕೆಲವು ಪಟ್ಟು ಇರುವುದರಿಂದ, ಸಾವಿರ ಡಾಲರಿನ ಚಿಕ್ಕ ಪ್ರಶಸ್ತಿ ಕೆಲವೊಮ್ಮೆ ಹತ್ತಿಪ್ಪತ್ತು ಸಾವಿರದ ಕೆಲಸ ಮಾಡುತ್ತದೆ. ಒಕ್ಲಹೋಮಾದ ಕನ್ನಡ ಹುಡುಗ ಡಲ್ಲಾಸ್‌ಗೆ ಓದಲು ಬರಬೇಕೆಂದರೆ ಮೊದಲು ಕೇಳಬೇಕಾದದ್ದು ಇದನ್ನೇ.

ಪ್ರಶಸ್ತಿ ಕೈಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಆರಿಸಿದವರು ಯಾರು: ಶಾಲೆಯೋ, ಪರೀಕ್ಷೆಯೋ, ಸ್ಪರ್ಧೆಯೋ? ಹಣ ಎಲ್ಲಿಗೆ ಹೋದರೂ ಬರುತ್ತದೋ, ಕೊಟ್ಟವರ ಕಾಲೇಜಿಗೆ ಹೋದರೆ ಮಾತ್ರವೋ? ಒಂದು ವರ್ಷಕ್ಕೋ, ನಾಲ್ಕಕ್ಕೋ? ಪ್ರತಿ ವರ್ಷ ಮುಂದುವರಿಯಲು ಎಷ್ಟು ಜಿಪಿಎ ಕಾಯ್ದುಕೊಳ್ಳಬೇಕು? ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಎಡವಿ ಸ್ಕಾಲರ್‌ಶಿಪ್ ಕಳೆದುಕೊಂಡ ಮಕ್ಕಳು ಎಲ್ಲ ಕಾಲೇಜುಗಳಲ್ಲೂ ಸಿಗುತ್ತಾರೆ. ಮೊತ್ತ ಎಷ್ಟೆಂದು ಕೇಳುವ ಬದಲು ಆ ಮೊತ್ತ ಕಳೆದ ಮೇಲೆ ನಾವು ಕಟ್ಟಬೇಕಾದದ್ದು ಎಷ್ಟೆಂದು ಕೇಳಬೇಕು. ಬಹುಮಾನವೇ ಇಲ್ಲದ ಸರ್ಕಾರಿ ಕಾಲೇಜಿನ ಬಿಲ್ಲು ಒಮ್ಮೊಮ್ಮೆ ದೊಡ್ಡ ಬಹುಮಾನ ಕೊಟ್ಟ ಖಾಸಗಿ ಕಾಲೇಜಿನ ಬಿಲ್ಲಿಗಿಂತ ಕಡಿಮೆ ಇರುತ್ತದೆ.

ಪುಸ್ತಕ ತಂದ ಹುಡುಗಿ, ಪದಕ ತಂದ ಹುಡುಗ, ಏನೂ ತರದೆ ಶೇ 5ರೊಳಗೆ ಬಂದ ಮೂರನೆಯವಳು, ಮೂವರೂ ಸಾಲದ ಹೊರೆಯಿಲ್ಲದೆ ಓದು ಮುಗಿಸಲು ಸಾಧ್ಯವಿದೆ. ಟೆಕ್ಸಸ್‌ನಲ್ಲಿ ಅಷ್ಟು ದಾರಿಗಳಿವೆ. ಯಾವ ದಾರಿ ಯಾರಿಗೆಂದು ಗೊತ್ತಾಗಬೇಕಾದರೆ ಒಂದು ತಿಳಿವಳಿಕೆ ಬೇಕು: ಪ್ರಶಸ್ತಿಯ ಮೇಲೆ ಬರೆದ ಮೊತ್ತ ಮಗುವಿನ ಬೆಲೆ ಅಲ್ಲ, ಆ ವರ್ಷ ಆ ಕಾಲೇಜಿಗೆ ಅಂಥ ಮಗು ಎಷ್ಟು ಬೇಕಾಗಿತ್ತು ಎಂಬುದರ ಬೆಲೆ. ಇದು ಅರ್ಥವಾದ ಮನೆಯಲ್ಲಿ ಅಕ್ಕನಿಗೆ ಬಂದ ಪದಕ ತಮ್ಮನಿಗೆ ಬರಲಿಲ್ಲವೆಂದು ಯಾರೂ ಮುಖ ಸಪ್ಪಗೆ ಮಾಡಿಕೊಳ್ಳುವುದಿಲ್ಲ. ಮೇ 1ರೊಳಗೆ ಕಾಲೇಜಿಗೆ ಒಪ್ಪಿಗೆ ಹೇಳಬೇಕಲ್ಲ, ಎಲ್ಲ ಪತ್ರಗಳನ್ನೂ ಹರಡಿಕೊಂಡು ಲೆಕ್ಕ ಹಾಕಲು ಕೂರುತ್ತಾರೆ.